ಎಲೆಯಲ್ಲಿ ಸಿಕ್ಕಿದ್ದು ಕಣವೋ, ಕರಗಿದ ಲೋಹವೋ: ನಾನು ಅಳೆದ ಬಗೆ

ನ್ಯಾನೊ ಕಣಗಳು ಬೆಳೆಯೊಳಗೆ ಹೋಗುತ್ತವಾ ಅಂತ ಯಾರಾದರೂ ಕೇಳಿದರೆ ಹೌದು ಅಂದುಬಿಡುವುದು ಸುಲಭ. 100 ನ್ಯಾನೊಮೀಟರಿಗಿಂತ ಚಿಕ್ಕದಾದ ಸತುವಿನ ಆಕ್ಸೈಡನ್ನು ನೀರಿಗೆ ಬೆರೆಸಿ, ಅದರಲ್ಲಿ ಸಸಿ ಬೆಳೆಸಿ, ಎಲೆಯನ್ನು ಆಮ್ಲದಲ್ಲಿ ಕರಗಿಸಿ ಅಳೆದರೆ ಸತು ಜಾಸ್ತಿ ಬಂದೇ ಬರುತ್ತದೆ. ಆದರೆ ಅದು ಕಣವಾಗಿಯೇ ಮೇಲೆ ಹತ್ತಿತಾ, ಇಲ್ಲ ಬೇರಿನ ಹತ್ತಿರ ಕರಗಿ ಮಾಮೂಲಿ ಸತುವಿನ ಹಾಗೆ ಹೋಯಿತಾ? ನನ್ನ ಕೆಲಸದ ಮುಕ್ಕಾಲು ಪಾಲು ಇದನ್ನು ಬಿಡಿಸುವುದಕ್ಕೇ ಹೋಯಿತು.

ಗಿಡ ಸೋಯಾ. ಕಣ ಎರಡು: ಸತುವಿನ ಆಕ್ಸೈಡ್, ಮತ್ತೆ ಸೀರಿಯಂ ಅನ್ನುವ ಲೋಹದ ಆಕ್ಸೈಡ್. ಬೇಕಂತಲೇ ಆರಿಸಿದ್ದು. ಮೊದಲನೆಯದು ಬೇಗ ಕರಗುತ್ತದೆ, ಎರಡನೆಯದು ಹೆಚ್ಚುಕಮ್ಮಿ ಕರಗುವುದೇ ಇಲ್ಲ. ಟೈಟಾನಿಯಂ ಡೈಆಕ್ಸೈಡ್ ಬಗ್ಗೆಯೂ ಯೋಚಿಸಿದ್ದೆ, ಆದರೆ ಅಳೆಯುವುದಕ್ಕೆ ಅದನ್ನು ಪೂರ್ತಿ ಕರಗಿಸಲು ಹೈಡ್ರೋಫ್ಲೋರಿಕ್ ಆಮ್ಲದಂಥದ್ದು ಬೇಕಾಗುತ್ತದೆ. ಅದರ ಸಹವಾಸವೇ ಬೇಡ ಅಂತ ಬಿಟ್ಟೆ.

ಪ್ರತಿ ಸಲವೂ ನಾಲ್ಕು ಗುಂಪು ಇಟ್ಟೆ. ಏನೂ ಹಾಕದ್ದು, ನ್ಯಾನೊ ಹಾಕಿದ್ದು, ಅದೇ ವಸ್ತುವಿನ ದಪ್ಪ ಪುಡಿ ಹಾಕಿದ್ದು, ಮತ್ತೆ ಕರಗುವ ಲವಣ ಹಾಕಿದ್ದು. ಕೊನೆಯದನ್ನು ಬಿಟ್ಟರೆ ಪ್ರಯೋಗ ಮಾಡಿ ಪ್ರಯೋಜನವೇ ಇಲ್ಲ ಅನ್ನುತ್ತೇನೆ ನಾನು. ಲವಣದ ಪ್ರಮಾಣವನ್ನು ಸುಮ್ನೆ ಅಂದಾಜಿಗೆ ಹಾಕಬಾರದು. ನ್ಯಾನೊ ತಟ್ಟೆಯ ನೀರನ್ನು ತೀರಾ ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಸೋಸಿ, ಅದರಲ್ಲಿ ನಿಜವಾಗಿ ಎಷ್ಟು ಸತು ಕರಗಿದೆ ಅಂತ ನೋಡಿ, ಅಷ್ಟೇ ಸತು ಸಿಗುವಂತೆ ಸತುವಿನ ಸಲ್ಫೇಟ್ ಕೊಡಬೇಕು. ಎರಡೂ ತಟ್ಟೆಯಲ್ಲಿ ಬೇರು ಒಂದೇ ರೀತಿ ಕುಗ್ಗಿದರೆ ತಪ್ಪು ಕಣದ್ದಲ್ಲ, ಕರಗಿದ ಲೋಹದ್ದು.

ಪೋಷಕ ದ್ರಾವಣದ್ದೂ ಒಂದು ಕಾಟ. ಅದರಲ್ಲಿರುವ ಲವಣಗಳಿಂದ ಕಣಗಳು ಒಂದಕ್ಕೊಂದು ಅಂಟಿ ತಳಕ್ಕೆ ಕೂರುತ್ತವೆ, ಫಾಸ್ಫೇಟ್ ಬೇರೆ ಸತುವಿನ ಜೊತೆ ಸೇರಿ ಗಸಿಯಾಗುತ್ತದೆ. ಹಾಗಾಗಿ ದ್ರಾವಣವನ್ನು ತೆಳುವಾಗಿಟ್ಟು, ಆಗಾಗ ಬದಲಿಸಿ, ಹಾಕುವ ಮುಂಚೆ ಅಲ್ಟ್ರಾಸೌಂಡ್ ಕೊಟ್ಟು ಕಣಗಳನ್ನು ಬಿಡಿಸುತ್ತಿದ್ದೆ. ಡಬ್ಬಿಯ ಮೇಲೆ ಬರೆದ ಅಳತೆಯೇ ಬೇರೆ, ಗಿಡದ ಬೇರಿಗೆ ಸಿಗುವ, ಅಂಟಿಕೊಂಡ ಕಣಗಳ ಮುದ್ದೆಯ ಅಳತೆಯೇ ಬೇರೆ.

ಕೊಯ್ಯುವಾಗ ಕ್ರಮ ಮುಖ್ಯ. ಗಿಡ ಇನ್ನೂ ತಟ್ಟೆಯಲ್ಲಿ ಇರುವಾಗಲೇ, ನೀರಿನ ಮಟ್ಟಕ್ಕಿಂತ ಮೇಲೆ, ಕಾಂಡ ಕತ್ತರಿಸಿ ಎಲೆಗಳನ್ನು ಬೇರೆ ಇಟ್ಟುಬಿಡುತ್ತಿದ್ದೆ. ಇಡೀ ಗಿಡ ಎತ್ತಿದರೆ ಬೇರಿನಿಂದ ಒಂದು ಹನಿ ಎಲೆಗೆ ತಾಗಿದರೂ ಸಾಕು, ಲೆಕ್ಕ ಕೆಟ್ಟಂತೆ. ಬೇರಿನ ತುದಿಯಲ್ಲಿ ಲೋಳೆ ಇರುತ್ತಲ್ಲ, ಅದಕ್ಕೆ ಕಣಗಳು ಬಿಳಿ ಪದರವಾಗಿ ಮೆತ್ತಿಕೊಂಡಿರುತ್ತವೆ. ಲೋಹವನ್ನು ಹಿಡಿದು ಎಳೆದುಕೊಳ್ಳುವ ಇಡಿಟಿಎ ದ್ರಾವಣದಲ್ಲಿ ಅದ್ದಿದರೆ ಸತು ಸುಮಾರಾಗಿ ಬಿಡುತ್ತದೆ, ಸೀರಿಯಂ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಅದಕ್ಕೇ ಬೇರಿನ ಅಂಕಿಯನ್ನು ನಾನು ‘ಬೇರಿನ ಮೇಲೆ ಮತ್ತು ಒಳಗೆ’ ಅಂತಲೇ ಬರೆಯುತ್ತೇನೆ. ಒಳಗೆ ಹೋದದ್ದು ಅಂತ ಹೇಳುವ ಧೈರ್ಯ ನನಗಿಲ್ಲ.

ಕಣವನ್ನು ಕಣವಾಗಿಯೇ ಎಣಿಸಲು ಎಲೆಯನ್ನು ಆಮ್ಲಕ್ಕೆ ಹಾಕುವಂತಿಲ್ಲ. ಮ್ಯಾಸೆರೋಜೈಮ್ ಅನ್ನುವ ಕಿಣ್ವ ಇದೆ, ಕೋಶಗೋಡೆಯನ್ನು ಒಡೆಯುತ್ತದೆ. ರುಬ್ಬಿದ ಎಲೆಯನ್ನು ಪಿಎಚ್ 5ರ, ಅಂದರೆ ಸ್ವಲ್ಪ ಹುಳಿಯಾದ ಸಿಟ್ರೇಟ್ ಬಫರ್ ದ್ರಾವಣದಲ್ಲಿ ಕಿಣ್ವದ ಜೊತೆ 37 ಡಿಗ್ರಿಯಲ್ಲಿ ಒಂದು ದಿನ ಅಲ್ಲಾಡಿಸಿ, ಸೋಸಿ, ಲೋಹ ಅಳೆಯುವ ಐಸಿಪಿ-ಎಂಎಸ್ ಯಂತ್ರದಲ್ಲಿ ಒಂದೊಂದೇ ಕಣ ಓದುವ ವಿಧಾನದಲ್ಲಿ ಹಾಕಿದೆ. ಪರದೆ ಮೇಲೆ ಒಂದು ಕಣಕ್ಕೆ ಒಂದು ಮೊನೆ ಏಳುತ್ತದೆ. ಮೊನೆ ಎಷ್ಟು ಎತ್ತರವೋ ಕಣ ಅಷ್ಟು ತೂಕ. ಸೀರಿಯಂಗೆ ಇದು ಚೆನ್ನಾಗಿ ನಡೆಯಿತು: ಎಲೆಯಲ್ಲಿ ಮೊನೆಗಳು ಕಂಡವು, ಆದರೆ ಕೆಲವೇ ಕೆಲವು. ಹೆಚ್ಚಿನದೆಲ್ಲ ಬೇರಿನಲ್ಲೇ ಉಳಿದಿತ್ತು. ಬೇರಿನೊಳಗೆ ಕ್ಯಾಸ್ಪೇರಿಯನ್ ಪಟ್ಟಿ ಅನ್ನುವ, ನೀರು ಬಿಡದ ತಡೆ ಅಡ್ಡ ಇರುವುದರಿಂದ ಅದು ಆಶ್ಚರ್ಯವೇನಲ್ಲ.

ಸತುವಿಗೆ ಈ ದಾರಿ ಮುಚ್ಚಿತ್ತು, ಯಾಕಂದರೆ ಆ ಬಫರ್‌ನಲ್ಲೇ ಸತುವಿನ ಆಕ್ಸೈಡ್ ಕರಗಿಹೋಗುತ್ತದೆ. ಅಲ್ಲಿ ಎಕ್ಸ್-ರೇ ಹೀರಿಕೆ ನೋಡಿ ಲೋಹ ಯಾವ ರೂಪದಲ್ಲಿದೆ ಅಂತ ತಿಳಿಯಬೇಕು. ಎಲೆಯಲ್ಲಿ ಆಕ್ಸೈಡ್‌ನ ಗುರುತೇ ಇರಲಿಲ್ಲ. ಸತು ಸಿಟ್ರೇಟ್‌ನಂಥ ಸಾವಯವ ಆಮ್ಲಗಳಿಗೆ ಅಂಟಿಕೊಂಡಿತ್ತು. ಸೋಯಾದಲ್ಲಿ ಬೇರೆಯವರು ಪ್ರಕಟಿಸಿದ್ದೂ ಇದನ್ನೇ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಪ್ಪು ಚುಕ್ಕೆ ತೋರಿಸಿ ‘ನೋಡಿ ಕಣ’ ಅನ್ನುವ ಚಿತ್ರಗಳನ್ನು ನಾನು ಅಷ್ಟು ನಂಬುವುದಿಲ್ಲ. ಮಾದರಿಗೆ ಹಚ್ಚುವ ಯುರೇನಿಯಂ, ಸೀಸದ ಬಣ್ಣವೂ ಥೇಟ್ ಹಾಗೇ ಚುಕ್ಕೆಯಾಗಿ ಕೂರುತ್ತದೆ. ಆ ಚುಕ್ಕೆಯಲ್ಲಿ ಯಾವ ಲೋಹ ಇದೆ ಅಂತ ಎಕ್ಸ್-ರೇಯಿಂದ ತೋರಿಸಿದರೆ ಮಾತ್ರ ಒಪ್ಪುತ್ತೇನೆ.

ಗಿಡಕ್ಕೆ ಆದ ಪರಿಣಾಮ? ಮೊಳಕೆ ಪ್ರಮಾಣದಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ, ಬೀಜದ ಸಿಪ್ಪೆ ಕಾಪಾಡುತ್ತದೆ. ಸತು ಜಾಸ್ತಿಯಾದಲ್ಲಿ ಬೇರು ಮೊಟಕಾಗಿ ದಪ್ಪಗಾಯಿತು, ತುದಿ ಕಂದು ತಿರುಗಿತು. ಸೀರಿಯಂನದು ಬೇರೆ ಕತೆ: 2012ರಲ್ಲಿ ಪ್ರಕಟವಾದ ಸೋಯಾ ಅಧ್ಯಯನವೊಂದರಲ್ಲಿ ಹೆಚ್ಚು ಸೀರಿಯಂ ಆಕ್ಸೈಡ್ ಇದ್ದ ಮಣ್ಣಿನಲ್ಲಿ ಬೇರುಗಂಟುಗಳು ಸಾರಜನಕ ಹಿಡಿಯುವ ಕೆಲಸವೇ ಬಹುಪಾಲು ನಿಂತಿತ್ತು. ಮೇಲಿನಿಂದ ನೋಡಿ ಗಿಡ ಚೆನ್ನಾಗಿದೆ ಅನ್ನುವಂತಿಲ್ಲ, ಅಲ್ವಾ?

ಈಗ ಮಣ್ಣಿನ ಕುಂಡಗಳಿಗೆ ಬಂದಿದ್ದೇನೆ. ಜೇಡಿ ಮತ್ತು ಸಾವಯವ ಅಂಶ ಕಣವನ್ನು ಹಿಡಿದುಕೊಳ್ಳುವುದರಿಂದ ಎಲೆಗೆ ಬರುವುದು ತೀರಾ ಕಮ್ಮಿ, ಜೊತೆಗೆ ಮಣ್ಣಿನಲ್ಲೇ ಸಹಜ ಸೀರಿಯಂ ಇರುತ್ತದೆ. ನೀರು ಹಾಕುವಾಗ ಎಲೆಗೆ ಸಿಡಿದ ಮಣ್ಣೇ ಲೆಕ್ಕ ತಪ್ಪಿಸಬಹುದು. ಅದಕ್ಕೆ ಸೀರಿಯಂ ಜೊತೆ, ಮಣ್ಣಿನಲ್ಲಿ ಅದರ ಒಟ್ಟಿಗೇ ಇರುವ ಲ್ಯಾಂಥನಮ್ ಅನ್ನುವ ಲೋಹವನ್ನೂ ಅಳೆಯುತ್ತೇನೆ. ಮಣ್ಣಿನದಾದರೆ ಎರಡೂ ಸುಮಾರು ಒಂದೇ ಅನುಪಾತದಲ್ಲಿ ಒಟ್ಟಿಗೆ ಏರುತ್ತವೆ. ನಾನು ಹಾಕಿದ ಕಣದ್ದಾದರೆ ಸೀರಿಯಂ ಮಾತ್ರ ಏರುತ್ತದೆ.