ಟೆಂಪ್ಲೇಟ್‌ನಿಂದ ಕರಾರು ಪರಿಶೀಲನೆಯ ನಿಯಮ ತಯಾರಿಸುವುದು ಹೇಗೆ?

ಎದುರು ಪಾರ್ಟಿಯಿಂದ ಕರಾರು ಬಂದಾಗ ಏನೇನು ನೋಡಬೇಕು, ಯಾವುದಕ್ಕೆ ಒಪ್ಪಬಹುದು, ಯಾವುದಕ್ಕೆ ಒಪ್ಪಲೇಬಾರದು ಎಂದು ಬರೆದಿಟ್ಟ ನಿಯಮಗಳಿಗೆ ಪ್ಲೇಬುಕ್ ಎನ್ನುತ್ತಾರೆ. ಈಗಿನ ಕೆಲವು ಕಾನೂನು ಸಾಫ್ಟ್‌ವೇರ್‌ಗಳಿಗೆ ನಿಮ್ಮ ಟೆಂಪ್ಲೇಟ್, ಅಂದರೆ ನೀವು ಬಳಸುವ ಮಾದರಿ ಕರಾರು, ಕೊಟ್ಟರೆ ಸಾಕು, ಕರಡು ನಿಯಮಗಳು ತಯಾರು. ಆದರೆ ಟೆಂಪ್ಲೇಟ್ ಹೇಳುವುದು ನಮಗೇನು ಬೇಕು ಎಂಬುದನ್ನು ಮಾತ್ರ. ಎಲ್ಲಿಯವರೆಗೆ ಬಗ್ಗಬಹುದು ಎಂಬುದನ್ನು ನೀವೇ ತುಂಬಬೇಕು.

ಮೊದಲು ಒಂದೇ ಬಗೆಯ ಕರಾರು ಆರಿಸಿಕೊಳ್ಳಿ. ‘ಫೈನಲ್’, ‘ಫೈನಲ್ 2’ ಅಂತ ಹಲವು ಪ್ರತಿಗಳು ಇರುತ್ತವೆ ಅಲ್ವಾ, ಅದರಲ್ಲಿ ಚಾಲ್ತಿಯಲ್ಲಿರುವುದು ಯಾವುದೆಂದು ಗಟ್ಟಿ ಮಾಡಿಕೊಳ್ಳಿ. ಬಾಕಿ ಉಳಿದ ಟ್ರ್ಯಾಕ್ ಚೇಂಜಸ್ (ಫೈಲಿನಲ್ಲಿ ಗುರುತಾಗಿ ಉಳಿದ ತಿದ್ದುಪಡಿಗಳು), ಕಾಮೆಂಟ್‌ಗಳನ್ನು ಇತ್ಯರ್ಥ ಮಾಡಿ, ವರ್ಡ್ ಫೈಲನ್ನೇ ಅಪ್‌ಲೋಡ್ ಮಾಡಿ. ಅದಕ್ಕೂ ಮೊದಲು, ನಿಮ್ಮ ದಾಖಲೆಗಳನ್ನು ಆ ಸಾಫ್ಟ್‌ವೇರ್ ಕಂಪನಿ ಬೇರೆ ಯಾವುದಕ್ಕಾದರೂ ಬಳಸುತ್ತದೆಯೇ ಎಂದು ಅವರ ನಿಬಂಧನೆಯಲ್ಲಿ ಓದಿ.

ಸಾಫ್ಟ್‌ವೇರ್ ಒಂದೊಂದು ಷರತ್ತಿಗೂ ನಿಯಮ ಬರೆದುಕೊಡಬಹುದು. ಎಲ್ಲವನ್ನೂ ಇಟ್ಟುಕೊಳ್ಳಬೇಡಿ. ಹೊಣೆಗಾರಿಕೆಯ ಮಿತಿ (ನಷ್ಟವಾದರೆ ಹೆಚ್ಚೆಂದರೆ ಎಷ್ಟು ಕೊಡಬೇಕು), ನಷ್ಟ ಪರಿಹಾರ, ಗೌಪ್ಯತೆ, ಕರಾರು ರದ್ದತಿ, ಪಾವತಿ, ಯಾವ ಕೋರ್ಟಿನ ವ್ಯಾಪ್ತಿ: ಇಂಥವು ಇರಲಿ. ಸಣ್ಣಪುಟ್ಟದಕ್ಕೆಲ್ಲ ಕೆಂಪು ಗುರುತು ಬಿದ್ದರೆ ಆಮೇಲೆ ಯಾರೂ ಅದನ್ನು ನೋಡುವುದಿಲ್ಲ.

ಈಗ ನಿಜವಾದ ಕೆಲಸ. ಎದುರು ಪಾರ್ಟಿ ನಿಮಗೆ ಹಣ ಕೊಡಬೇಕಾದ ಕರಾರನ್ನೇ ತೆಗೆದುಕೊಳ್ಳಿ. ಟೆಂಪ್ಲೇಟ್‌ನಲ್ಲಿ ‘ಬಿಲ್ ತಲುಪಿದ 30 ದಿನದೊಳಗೆ ಹಣ ಪಾವತಿಸಬೇಕು’ ಎಂದಿದೆ ಅಂದುಕೊಳ್ಳಿ. ಸಾಫ್ಟ್‌ವೇರ್ ಬರೆಯುವ ನಿಯಮ ಬಹುಶಃ ಇಷ್ಟೇ: ‘ಪಾವತಿ ಅವಧಿ 30 ದಿನ ಇರಬೇಕು.’ ನಿಮ್ಮ ಹಳೆಯ ಕರಾರುಗಳನ್ನು ತೆಗೆದು ನೋಡಿ. 45 ದಿನಕ್ಕೆ ಎಷ್ಟೋ ಸಲ ಒಪ್ಪಿರುತ್ತೀರಿ. ಹಾಗಿದ್ದರೆ ನಿಯಮವನ್ನು ಹೀಗೆ ಬಿಡಿಸಿ ಬರೆಯಿರಿ: 30 ದಿನ ನಮ್ಮ ಆಯ್ಕೆ, 45ರವರೆಗೆ ಒಪ್ಪಬಹುದು, 60ರವರೆಗೆ ಹಣಕಾಸು ವಿಭಾಗದ ಅನುಮತಿ ಬೇಕು, ಅದರಾಚೆಗೆ ಬೇಡ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಎದುರು ಪಾರ್ಟಿ 30 ಎಂಬ ಅಂಕಿಯನ್ನು ಮುಟ್ಟದೆ, ‘ಬಿಲ್ ತಲುಪಿದ’ ಎಂಬುದನ್ನು ‘ಕೆಲಸವನ್ನು ಒಪ್ಪಿಕೊಂಡ’ ಎಂದು ಬದಲಿಸಬಹುದು. ಅವರು ಒಪ್ಪಿಕೊಳ್ಳುವವರೆಗೆ ಆ 30 ದಿನ ಶುರುವಾಗುವುದೇ ಇಲ್ಲ! ಅಂಕಿ ಮಾತ್ರ ನೋಡುವ ನಿಯಮ ಇದಕ್ಕೆ ಹಸಿರು ಗುರುತು ಹಾಕಿಬಿಡುತ್ತದೆ. ಹಾಗಾಗಿ ದಿನ ಯಾವಾಗಿನಿಂದ ಎಣಿಸಬೇಕು ಎಂಬುದನ್ನೂ ನಿಯಮದಲ್ಲಿ ಸೇರಿಸಿ. ಹೊಣೆಗಾರಿಕೆಯ ಮಿತಿಯೂ ಹೀಗೇ. ಮೊತ್ತ ಒಂದು ಕಡೆ, ಅದಕ್ಕಿರುವ ವಿನಾಯಿತಿಗಳು ಇನ್ನೊಂದು ಕಡೆ ಇರುತ್ತವೆ. ಎರಡನ್ನೂ ಒಟ್ಟಿಗೆ ನೋಡುವಂತೆ ಬರೆಯಬೇಕು. ‘ಸಮಂಜಸವಾಗಿರಬೇಕು’ ಅಂತ ಸುಮ್ನೆ ಬರೆದರೆ ಪ್ರಯೋಜನವಿಲ್ಲ.

ಜಾಸ್ತಿ ಜನ ಮರೆಯುವ ಹಂತ ಮುಂದಿನದು. ಟೆಂಪ್ಲೇಟ್‌ನಲ್ಲಿ ಇಲ್ಲದ ಷರತ್ತಿಗೆ ಸಾಫ್ಟ್‌ವೇರ್ ತಾನಾಗಿ ನಿಯಮ ಬರೆಯುತ್ತದೆ ಎಂದು ನಂಬಿ ಕೂರಬೇಡಿ. ಕರಾರು ತಾನಾಗಿಯೇ ನವೀಕರಣ ಆಗುವುದು, ಬೇರೆಯವರ ಜೊತೆ ವ್ಯವಹಾರ ಮಾಡಬಾರದು ಎನ್ನುವುದು, ಇಂಥ ಸಾಲುಗಳನ್ನು ಸೇರಿಸುವುದು ಎದುರು ಪಾರ್ಟಿ. ಅವುಗಳಿಗೆ ನೀವೇ ಕೈಯಾರೆ ನಿಯಮ ಬರೆಯಿರಿ.

ಕೊನೆಗೆ, ಈಗಾಗಲೇ ಸಹಿಯಾದ ಐದಾರು ಕರಾರುಗಳಿಗೆ ಎದುರು ಪಾರ್ಟಿ ಮೊದಲು ಕಳಿಸಿದ್ದ ಕರಡುಗಳ ಮೇಲೆ ಸಾಫ್ಟ್‌ವೇರ್ ಓಡಿಸಿ ನೋಡಿ. ಅನುಭವಿ ವಕೀಲರು ತಿದ್ದಿದ್ದನ್ನು ಅದು ಹಿಡಿಯಿತೇ? ಅವರು ಬಿಟ್ಟಿದ್ದಕ್ಕೆ ಸುಳ್ಳು ಎಚ್ಚರಿಕೆ ಕೊಟ್ಟಿತೇ? ಎರಡನ್ನೂ ಗುರುತು ಹಾಕಿಕೊಂಡು ನಿಯಮ ತಿದ್ದಿ, ಮತ್ತೆ ಓಡಿಸಿ. ಪ್ರತಿ ನಿಯಮದ ಪಕ್ಕ ತಾರೀಕು ಮತ್ತು ಅದನ್ನು ಬದಲಿಸುವ ಅಧಿಕಾರ ಯಾರಿಗಿದೆ ಎಂದು ಬರೆದಿಡಿ. ಟೆಂಪ್ಲೇಟ್ ಬದಲಾದ ದಿನವೇ ಈ ಪಟ್ಟಿಯನ್ನೂ ತೆರೆಯಬೇಕಾಗುತ್ತದೆ.