ಬದನೆ ಕುಲದ ಹಣ್ಣುಗಳು: ರಸಭರಿ, ಮರಟೊಮೆಟೊ ಬೆಳೆಯುವುದು ಹೇಗೆ?

ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲವೂ ಒಂದೇ ಕುಲದವು. ದತ್ತೂರಿ, ಹೊಗೆಸೊಪ್ಪು ಕೂಡ ಅದೇ ಕುಲದವೇ. ಹಾಗಾಗಿ ಈ ಗುಂಪಿನ ಹೊಸ ಹಣ್ಣೊಂದನ್ನು ತಿನ್ನಲು ಕೊಟ್ಟರೆ ಹಿರಿಯರು ಹಿಂದೆಮುಂದೆ ನೋಡುವುದು ಸಹಜ, ನೋಡಬೇಕಾದ್ದೂ ಹೌದು. ಆದರೂ ಹಸಿಯಾಗಿಯೇ ಬಾಯಿಗೆ ಹಾಕಿಕೊಳ್ಳುವ ಒಳ್ಳೊಳ್ಳೆ ಹಣ್ಣುಗಳು ಇಲ್ಲಿವೆ. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಗುಪ್ಪಟೆ ಹಣ್ಣು, ಮಕ್ಕಳು ಹಣೆಗೆ ಬಡಿದು ಟಪ್ಪೆನ್ನಿಸುತ್ತಾರಲ್ಲ, ಅದು ಗೊತ್ತಿದ್ದರೆ ರಸಭರಿಯೂ ಅರ್ಧ ಗೊತ್ತಿದ್ದಂತೆಯೇ. ಗಿಡ ಅದೇ ಬಗೆಯದು, ಹಣ್ಣು ಮಾತ್ರ ಗೋಲಿಯಷ್ಟು ದಪ್ಪ, ಹೊಂಬಣ್ಣ.

ರಸಭರಿಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು. 19ನೇ ಶತಮಾನದ ಆರಂಭದ ಹೊತ್ತಿಗೆ ಆಫ್ರಿಕಾದ ಗುಡ್ ಹೋಪ್ ಭೂಶಿರದಲ್ಲಿ ಬೇಸಾಯಕ್ಕೆ ಬಂದಿದ್ದರಿಂದ ಕೇಪ್ ಗೂಸ್‌ಬೆರಿ ಎಂಬ ಹೆಸರು ಅಂಟಿಕೊಂಡಿತು. ಈಗ ಸೂಪರ್ ಮಾರ್ಕೆಟ್ಟಿನಲ್ಲಿ ಗೋಲ್ಡನ್ ಬೆರಿ ಎಂದು ಸಣ್ಣ ಡಬ್ಬಿಗೆ ದೊಡ್ಡ ಬೆಲೆ ಹಾಕಿ ಮಾರುವುದೂ ಇದನ್ನೇ. ಆ ಡಬ್ಬಿ ಒಮ್ಮೆ ತಂದರೆ ಸಾಕು, ಬೀಜಕ್ಕೆ ಬೇರೆ ಖರ್ಚಿಲ್ಲ.

ಬೀಜ ಮತ್ತು ಸಸಿ

ಚೆನ್ನಾಗಿ ಹಣ್ಣಾದ ಎರಡು ಮೂರನ್ನು ಆರಿಸಿ ಒಂದು ಲೋಟ ನೀರಿನಲ್ಲಿ ಕಿವುಚಿ. ತಿರುಳು ಮೇಲೆ ತೇಲುತ್ತದೆ, ಗಟ್ಟಿ ಬೀಜ ತಳಕ್ಕೆ ಇಳಿಯುತ್ತದೆ. ಮೇಲಿನದನ್ನು ಬಸಿದು, ಎರಡು ಮೂರು ಸಲ ತೊಳೆದು, ಕಾಗದದ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಿ. ಬೀಜ ತೀರಾ ಸಣ್ಣದು, ಒಂದೆರಡು ಹಣ್ಣಿನ ಬೀಜ ಇಡೀ ಬೀದಿಗೆ ಹಂಚುವಷ್ಟಾಗುತ್ತದೆ.

ಕೆಂಪುಮಣ್ಣು, ಎರೆಗೊಬ್ಬರ, ತೆಂಗಿನನಾರಿನ ಪುಡಿ ಸಮಸಮ ಬೆರೆಸಿ ಟ್ರೇಗೆ ತುಂಬಿ. ಬೀಜ ಉದುರಿಸಿ, ಮೇಲೆ ಕಾಣೆಯಾಗುವಷ್ಟು ಮಾತ್ರ ಪುಡಿಮಣ್ಣು ಚಿಮುಕಿಸಿ. ಆಳಕ್ಕೆ ಹೋದರೆ ಮೊಳಕೆ ಮೇಲೆ ಬರುವುದಿಲ್ಲ. ನೀರು ಸುರಿಯಬೇಡಿ, ಸ್ಪ್ರೇ ಬಾಟಲಿಯಿಂದ ಹನಿಸಿ. ಮೊಳಕೆಗೆ 10 ದಿನದಿಂದ ಮೂರು ವಾರದವರೆಗೂ ಬೇಕಾಗಬಹುದು. ಹದಿನೈದು ದಿನವಾದರೂ ಏನೂ ಕಾಣದೆಂದು ಟ್ರೇ ಬುಡಮೇಲು ಮಾಡುವವರೇ ಹೆಚ್ಚು, ತಡೆಯಿರಿ.

ನಮ್ಮ ಬಯಲುಸೀಮೆಗೆ ಆರಿದ್ರಾ ಮಳೆಯ ಆಸುಪಾಸು ಬಿತ್ತನೆಗೆ ಹದ. ಆಗ ಸಸಿ ಶ್ರಾವಣದಲ್ಲಿ ಕುಂಡ ಸೇರುತ್ತದೆ, ಹಣ್ಣು ಸಂಕ್ರಾಂತಿಯ ಚಳಿಯಲ್ಲಿ ಸಿಗುತ್ತದೆ. ಬೇಸಿಗೆಯ ಸುಡುಬಿಸಿಲಿನಲ್ಲಿ ಹೂ ಉದುರಿಸಿಕೊಳ್ಳುವ ಗಿಡ ಇದು, ಆದ್ದರಿಂದ ಕಾಲ ತಪ್ಪಿಸಬೇಡಿ.

ಕುಂಡ, ನೆಲ, ಗೊಬ್ಬರ

ಸಸಿ ಒಂದು ಗೇಣು ಆಗುವ ಮುನ್ನವೇ ಕಿತ್ತು ನೆಡಿ. ತಾರಸಿಯಾದರೆ ಕನಿಷ್ಠ 15 ಲೀಟರಿನ ಕುಂಡ ಬೇಕು. ನೆಲವಾದರೆ ಗಿಡದಿಂದ ಗಿಡಕ್ಕೆ ಒಂದು ಮೀಟರ್ ಬಿಡಿ, ಏಕೆಂದರೆ ಅದು ಎತ್ತರಕ್ಕಿಂತ ಅಗಲಕ್ಕೇ ಹೆಚ್ಚು ಹರಡುತ್ತದೆ. ಕೊಂಬೆ ಮೆದು, ಕಾಯಿ ಭಾರಕ್ಕೆ ಸೀಳುತ್ತದೆ. ನೆಡುವಾಗಲೇ ಮೂರು ಕೋಲು ಊರಿ ಸುತ್ತ ಹುರಿ ಕಟ್ಟಿಬಿಡಿ.

ಗೊಬ್ಬರದಲ್ಲಿ ಕೈ ಬಿಗಿ ಹಿಡಿಯುವುದೇ ಜಾಣತನ. ಹಟ್ಟಿಗೊಬ್ಬರ, ಯೂರಿಯಾ ಎಂದು ಸುರಿದರೆ ಎಲೆ ದಟ್ಟವಾಗುತ್ತದೆ, ಹೂ ಮಾತ್ರ ಕಡಿಮೆ. ನೆಡುವಾಗ ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ಹೂ ಕಾಣಿಸಿದಾಗ ಚಿಟಿಕೆಯಷ್ಟು ಕಟ್ಟಿಗೆ ಬೂದಿ: ಇಷ್ಟರಲ್ಲೇ ಗಿಡ ನಡೆದುಕೊಳ್ಳುತ್ತದೆ. ಹಳದಿ ಹೂವಿನ ನಡುವೆ ಕಂದು ಮಚ್ಚೆ ಇರುತ್ತದೆ. ಜೇನ್ನೊಣ ಸುಳಿಯದ ಎತ್ತರದ ಮಹಡಿಯಾದರೆ ಬೆಳಿಗ್ಗೆ ಕೊಂಬೆಯನ್ನು ಮೆಲ್ಲಗೆ ಅಲುಗಿಸಿ, ಕಾಯಿ ಕಚ್ಚುತ್ತದೆ.

ಟೊಮೆಟೊ, ಬದನೆಯ ರೋಗಗಳೆಲ್ಲ ಇದಕ್ಕೂ ಬರುತ್ತವೆ. ಸೊರಗು ರೋಗ, ಬೇರುಗಂಟಿನ ಜಂತು ಎರಡೂ ಮಣ್ಣಿನಲ್ಲೇ ಅಡಗಿರುವಂಥವು. ಕಳೆದ ಸಲ ಬದನೆ ಇದ್ದ ಪಾತಿಗೆ ಇದನ್ನು ಹಾಕಬೇಡಿ. ನರ್ಸರಿಗಳಲ್ಲಿ ಬದನೆಯನ್ನು ಸುಂಡೆಕಾಯಿ ಗಿಡಕ್ಕೆ ಕಸಿ ಕಟ್ಟುವುದು ಈ ಕಾಟ ತಪ್ಪಿಸಲೆಂದೇ. ರಸಭರಿಗೆ ಅಷ್ಟು ಶ್ರಮ ಬೇಡ, ಜಾಗ ಬದಲಿಸಿ, ಪಕ್ಕದಲ್ಲಿ ಚೆಂಡು ಹೂ ಹಾಕಿ. ಬಿಳಿನೊಣ, ಹೇನು ಕಂಡರೆ ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಎಲೆಯ ಅಡಿಭಾಗಕ್ಕೆ ಸಂಜೆ ಹೊಡೆಯಿರಿ.

ಕೀಳಬೇಡಿ, ಬೀಳಲಿ

ಹಣ್ಣಿನ ಸುತ್ತಲಿನ ಬುಡ್ಡೆ ಹಸಿರಾಗಿರುವಾಗ ಒಳಗಿನದೂ ಕಾಯಿಯೇ, ಅದರಲ್ಲಿ ವಿಷದ ಅಂಶ ಇರುತ್ತದೆ. ಬುಡ್ಡೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಹಣ್ಣು ತಾನಾಗಿ ಕಳಚಿ ನೆಲಕ್ಕೆ ಬೀಳುವವರೆಗೂ ಕೈ ಹಾಕಬೇಡಿ. ಗಿಡದ ಕೆಳಗೆ ಒಣಹುಲ್ಲೋ ಹಳೆಯ ಬಟ್ಟೆಯೋ ಹಾಸಿ, ದಿನವೂ ಆರಿಸಿಕೊಳ್ಳಿ. ಬಿದ್ದದ್ದರಲ್ಲಿ ಹಸಿರು ಛಾಯೆ ಉಳಿದಿದ್ದರೆ ಬುಡ್ಡೆಯಲ್ಲೇ ಬಿಟ್ಟು ಕೆಲವು ದಿನ ಮಾಗಿಸಿ. ಬುಡ್ಡೆ ಬಿಡಿಸದೆ, ತೇವ ತಾಗದ ತಂಪು ಜಾಗದಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಸಿಪ್ಪೆಯ ಮೇಲೆ ಅಂಟಂಟು ಇರುತ್ತದೆ, ತೊಳೆದು ತಿನ್ನಿ. ಪೆಕ್ಟಿನ್ ಹೆಚ್ಚಿರುವುದರಿಂದ ಜಾಮ್ ಬೇಗ ಗಟ್ಟಿಯಾಗುತ್ತದೆ.

ಒಂದು ಎಚ್ಚರಿಕೆ: ಬುಡ್ಡೆಯೊಳಗೆ ಇರುವುದೆಲ್ಲ ರಸಭರಿಯಲ್ಲ. ಅಶ್ವಗಂಧದ ಕಾಯಿಯೂ ಇಂಥದೇ ಪೊರೆಯೊಳಗೆ ಕೂತಿರುತ್ತದೆ. ಅದು ಬಟಾಣಿ ಗಾತ್ರದ ಕೆಂಪು ಹಣ್ಣು, ತಿನ್ನುವುದಲ್ಲ. ಮದ್ದಿನ ಗಿಡ ಬೆಳೆಸಿರುವ ಮನೆಯಲ್ಲಿ ಮಕ್ಕಳಿಗೆ ಎರಡನ್ನೂ ಕೈಯಲ್ಲಿ ಹಿಡಿದು ತೋರಿಸಿಕೊಡಿ. ಕಾಗೆಹಣ್ಣು, ಅಂದರೆ ಗಣಿಕೆ ಸೊಪ್ಪಿನ ಹಣ್ಣು ಕೂಡ ಪೂರ್ತಿ ಕಪ್ಪಾದ ಮೇಲಷ್ಟೇ ತಿನ್ನುವಂಥದು.

ಬೆಟ್ಟದವರಿಗೆ ಮರಟೊಮೆಟೊ

ಇದೂ ಆಂಡಿಸ್ ಕಡೆಯದೇ. ನ್ಯೂಜಿಲೆಂಡಿನ ಬೆಳೆಗಾರರು 1967ರಲ್ಲಿ ಮಾರಾಟಕ್ಕೆಂದು ಟ್ಯಾಮರಿಲ್ಲೊ ಎಂಬ ಹೊಸ ಹೆಸರು ಇಟ್ಟರು. ತಂಪು ರಾತ್ರಿ ಇಲ್ಲದಿದ್ದರೆ ಸರಿಯಾಗಿ ಕಾಯಿ ಕಚ್ಚುವುದಿಲ್ಲ. ಊಟಿ, ಕೊಡೈಕನಾಲ್ ಕಡೆ ಕಾಣುವ ಈ ಗಿಡಕ್ಕೆ ನಮ್ಮಲ್ಲಿ ಕೊಡಗು, ಚಿಕ್ಕಮಗಳೂರಿನ ಎತ್ತರದ ಜಾಗಗಳು ಹೊಂದುತ್ತವೆ. ರಾಯಚೂರಿನ ಬಿಸಿಲಿನಲ್ಲಿ ಇದರ ಆಸೆ ಬಿಡುವುದು ಒಳ್ಳೆಯದು.

ಬೀಜದ ಸಸಿ ಸೊಂಟದೆತ್ತರಕ್ಕೆ ಬಂದಾಗ ತುದಿ ಚಿವುಟಿ, ಇಲ್ಲವಾದರೆ ನೇರ ಮೇಲಕ್ಕೇ ಹೋಗಿ ಕೊನೆಗೆ ಕೊಡೆಯಂತೆ ಕವಲೊಡೆಯುತ್ತದೆ. ಬೇರು ಮೇಲುಮೇಲೆ ಇರುವುದರಿಂದ ಗಾಳಿಗೆ ಬುಡಸಮೇತ ಉರುಳೀತು. ಗೋಡೆಯ ಮರೆ ಬೇಕು, ಬುಡ ಕೆದಕಬಾರದು, ನೀರು ನಿಲ್ಲಬಾರದು. ಮೊದಲ ಫಸಲಿಗೆ ಒಂದೂವರೆಯಿಂದ ಎರಡು ವರ್ಷ ಕಾಯಬೇಕು. ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಕೊಯ್ಲಾದ ಮೇಲೆ ಕೊಂಬೆ ಸವರಿ.

ರಸಭರಿಯಂತೆ ಇದು ಬೀಳಲೆಂದು ಕಾಯಬೇಡಿ. ಬಣ್ಣ ಪೂರ್ತಿ ಏರಿದ ಮೇಲೆ ತೊಟ್ಟು ಸಮೇತ ಬಿಡಿಸಿ. ಸಿಪ್ಪೆ ಕಹಿ. ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿದರೆ ಸಲೀಸಾಗಿ ಸುಲಿಯುತ್ತದೆ. ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು, ಮೆಣಸಿನಕಾಯಿ ಸೇರಿಸಿ ಚಟ್ನಿ ಅರೆಯುತ್ತಾರೆ. ಸುಟ್ಟ ಬದನೆಕಾಯಿ ಗೊಜ್ಜು ಮಾಡಬಲ್ಲವರಿಗೆ ಇದನ್ನು ಬೇರೆಯಾಗಿ ಕಲಿಸಬೇಕಿಲ್ಲ.