ಅರ್ಥಶಾಸ್ತ್ರದಲ್ಲಿ ಮುಂದೆ ಯಾವ ಪೇಪರ್? ಆರಿಸಿಕೊಳ್ಳುವುದು ಹೀಗೆ

ಡಿಗ್ರಿಯ ಕೊನೆಯ ವರ್ಷಕ್ಕೆ ಬಂದಾಗಲೋ, ಎಂಎ ಅರ್ಧ ಮುಗಿದಾಗಲೋ ಒಂದು ಫಾರಂ ಕೈಗೆ ಬರುತ್ತದೆ. ಅದರಲ್ಲಿ ಐಚ್ಛಿಕ ಪತ್ರಿಕೆಗಳ ಪಟ್ಟಿ. ಕೃಷಿ ಅರ್ಥಶಾಸ್ತ್ರ, ಸಾರ್ವಜನಿಕ ಹಣಕಾಸು, ಪರಿಸರ ಅರ್ಥಶಾಸ್ತ್ರ, ಅಂತಾರಾಷ್ಟ್ರೀಯ ವ್ಯಾಪಾರ, ಎಕನಾಮೆಟ್ರಿಕ್ಸ್ (ಅಂಕಿಅಂಶ ಇಟ್ಟುಕೊಂಡು ಆರ್ಥಿಕ ಪ್ರಶ್ನೆಗಳಿಗೆ ಉತ್ತರ ಹುಡುಕುವ ವಿದ್ಯೆ). ಟಿಕ್ ಹಾಕಿ ಆಫೀಸಿಗೆ ಕೊಡಬೇಕು. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ, ಸೀನಿಯರ್‌ಗಳನ್ನು ಹಿಡಿದು ‘ಯಾವುದರಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತೆ’ ಅಂತ ಕೇಳುವುದು.

ಮಾರ್ಕ್ಸ್ ಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ಪ್ರಾಜೆಕ್ಟ್ ಯಾವ ವಿಷಯದ ಮೇಲೆ, ಯಾವ ಮೇಷ್ಟ್ರ ಹತ್ತಿರ, ಯಾವ ಪ್ರವೇಶ ಪರೀಕ್ಷೆಗೆ ಧೈರ್ಯವಾಗಿ ಕೂರಬಹುದು ಅನ್ನುವುದೆಲ್ಲ ಈ ಟಿಕ್‌ನಿಂದಲೇ ಶುರುವಾಗುತ್ತದೆ. ಹಾಗಾಗಿ ಒಂದೆರಡು ಸಂಜೆ ಇದಕ್ಕೆ ಕೊಡಿ.

1. ಪೇಪರ್ ಹೆಸರು ಪಕ್ಕಕ್ಕಿಡಿ, ನಿಮ್ಮ ಪ್ರಶ್ನೆ ಬರೆಯಿರಿ

ಹೆಸರು ನೋಡಿ ಮೋಸ ಹೋಗುವುದು ಸುಲಭ. ‘ಅಭಿವೃದ್ಧಿ ಅರ್ಥಶಾಸ್ತ್ರ’ ಒಂದು ಕಾಲೇಜಿನಲ್ಲಿ ಪಂಚವಾರ್ಷಿಕ ಯೋಜನೆಗಳ ಕಥೆಯಾಗಿರುತ್ತದೆ, ಇನ್ನೊಂದು ಕಡೆ ಅದೇ ಹೆಸರಿನಲ್ಲಿ ಪೂರ್ತಿ ಗಣಿತದ ಮಾಡೆಲ್ ಇರುತ್ತದೆ. ಅದರ ಬದಲು, ದಿನಪತ್ರಿಕೆಯಲ್ಲಿ ನೀವು ನಿಂತು ಓದಿದ ಸುದ್ದಿ, ಮನೆಯಲ್ಲಿ ವಾದಕ್ಕಿಳಿದ ವಿಷಯ, ಬಸ್ಸಿನಲ್ಲಿ ಕೂತಾಗ ತಲೆಗೆ ಬಂದ ಅನುಮಾನ, ಇಂಥ ನಾಲ್ಕೈದನ್ನು ಪ್ರಶ್ನೆಯ ರೂಪದಲ್ಲಿ ಬರೆದುಕೊಳ್ಳಿ. ‘ರೈತರ ಸಮಸ್ಯೆ’ ಅಂತ ಬರೆದರೆ ಸಾಲದು. ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಬರಲೇಬೇಕು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನೇ ತಗೊಳ್ಳಿ. ರೈತರು ಗೂಡು ತಂದು ಹರಡುತ್ತಾರೆ. ಪ್ರತಿ ರಾಶಿಗೂ ಒಂದು ಲಾಟ್ ನಂಬರ್. ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳು ಒಂದು ಹಿಡಿ ಎತ್ತಿ, ಒತ್ತಿ ನೋಡಿ, ಮೊಬೈಲ್‌ನಲ್ಲಿ ಕೆಜಿಗೆ ಇಷ್ಟು ಅಂತ ಬಿಡ್ ಹಾಕುತ್ತಾರೆ. ಬೆಲೆ ಗಿಟ್ಟದಿದ್ದರೆ ರೈತ ‘ಬೇಡ’ ಅನ್ನಬಹುದು. ಇದನ್ನು ನೋಡಿ ನಿಮಗೆ ಮೊದಲು ಏನು ಕೇಳಬೇಕು ಅನ್ನಿಸಿತು?

‘ಹೋದ ವಾರ ಇದ್ದ ರೇಟು ಈ ವಾರ ಯಾಕಿಲ್ಲ? ಮಳೆಯಾ, ಸೊಪ್ಪಿನ ಬೆಲೆಯಾ, ಹುಳುವಿಗೆ ಬಂದ ರೋಗವಾ?’ ಅಂತಾದರೆ ನೀವು ಕೃಷಿ ಅರ್ಥಶಾಸ್ತ್ರದ ಕಡೆಯವರು. ‘ಕೂಗುವ ಹರಾಜಿಗೂ ಯಾರು ಎಷ್ಟು ಹಾಕಿದರು ಅಂತ ಕಾಣದ ಮೊಬೈಲ್ ಬಿಡ್‌ಗೂ ರೈತನ ಕೈಗೆ ಬರುವ ದುಡ್ಡಿನಲ್ಲಿ ವ್ಯತ್ಯಾಸ ಇದೆಯಾ? ರೀಲರ್‌ಗಳು ಮೊದಲೇ ಒಳಗೊಳಗೆ ಮಾತಾಡಿಕೊಂಡಿದ್ದರೆ?’ ಅನ್ನಿಸಿದರೆ ಗೇಮ್ ಥಿಯರಿ (ಎದುರಿನವರ ನಡೆ ಊಹಿಸಿ ನಮ್ಮ ನಡೆ ತೀರ್ಮಾನಿಸುವ ಲೆಕ್ಕಾಚಾರ) ಮತ್ತು ಕೈಗಾರಿಕಾ ಅರ್ಥಶಾಸ್ತ್ರ ನೋಡಿ. ಹರಾಜಿನ ಸಿದ್ಧಾಂತಕ್ಕೇ 2020ರಲ್ಲಿ ಪಾಲ್ ಮಿಲ್‌ಗ್ರೋಮ್ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ ನೊಬೆಲ್ ಬಂತು. ‘ಚೀನಾ ರೇಷ್ಮೆಯ ಮೇಲಿನ ಸುಂಕ ಇಳಿಸಿದರೆ ಗೂಡು ಬೆಳೆಯುವವನಿಗೆ ನಷ್ಟ, ಸೀರೆ ನೇಯುವವನಿಗೆ ಲಾಭ, ಹಾಗಾದರೆ ಸರ್ಕಾರ ಯಾರ ಮಾತು ಕೇಳಬೇಕು?’ ಇದು ಅಂತಾರಾಷ್ಟ್ರೀಯ ವ್ಯಾಪಾರ. ‘ಹುಳು ಮೇಯಿಸುವ ಕೆಲಸದಲ್ಲಿ ಅರ್ಧಕ್ಕರ್ಧ ಮನೆಯ ಹೆಂಗಸರೇ ಇರುತ್ತಾರೆ, ಅದನ್ನು ದುಡಿಮೆ ಅಂತ ಯಾರು ಲೆಕ್ಕ ಹಾಕುತ್ತಾರೆ?’ ಇದು ಶ್ರಮ ಅರ್ಥಶಾಸ್ತ್ರ. 2023ರ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಮಹಿಳೆಯರ ದುಡಿಮೆ ಮತ್ತು ಸಂಬಳದ ಕುರಿತೇ ದಶಕಗಟ್ಟಲೆ ಕೆಲಸ ಮಾಡಿದವರು.

ಮಾರುಕಟ್ಟೆ ಒಂದೇ, ಪೇಪರ್ ಮಾತ್ರ ನಾಲ್ಕೈದು. ‘ನನಗೆ ಕೃಷಿ ಇಷ್ಟ, ಅದಕ್ಕೆ ಕೃಷಿ ಅರ್ಥಶಾಸ್ತ್ರ’ ಅನ್ನುವ ಲೆಕ್ಕ ಯಾವಾಗಲೂ ಸರಿಹೋಗುವುದಿಲ್ಲ ಅನ್ನುವುದು ಇದಕ್ಕೇ.

2. ಆ ಪೇಪರ್‌ನಲ್ಲಿ ದಿನಾ ಮಾಡುವ ಕೆಲಸ ಏನು ಅಂತ ನೋಡಿ

ಕಾಡು, ಕೆರೆ ಅಂದರೆ ಪ್ರಾಣ ಅನ್ನುವವರು ಪರಿಸರ ಅರ್ಥಶಾಸ್ತ್ರ ತಗೊಂಡು ಮೊದಲ ತಿಂಗಳಲ್ಲೇ ಸಪ್ಪೆಯಾಗುವುದುಂಟು. ಅಲ್ಲಿ ಮೊದಲು ಎದುರಾಗುವುದು ಮಾಲಿನ್ಯದ ಮೇಲೆ ಎಷ್ಟು ತೆರಿಗೆ ಹಾಕಬೇಕು ಅನ್ನುವ ರೇಖಾಚಿತ್ರ. ಬೆಲೆಯೇ ಇಲ್ಲದ ವಸ್ತುವಿಗೆ ಬೆಲೆ ಕಟ್ಟುವ ವಿಧಾನಗಳು ಆಮೇಲೆ ಬರುತ್ತವೆ. ಆದರೆ ‘ಊರಿನ ಕೆರೆಯನ್ನು, ಗೋಮಾಳವನ್ನು ಊರವರೇ ನಿಯಮ ಮಾಡಿಕೊಂಡು ಉಳಿಸಿಕೊಳ್ಳುವುದು ಎಲ್ಲಿ ಸಾಧ್ಯವಾಗುತ್ತೆ, ಎಲ್ಲಿ ಆಗಲ್ಲ?’ ಅನ್ನುವುದು ನಿಮ್ಮ ಪ್ರಶ್ನೆಯಾಗಿದ್ದರೆ ಖುಷಿಯಾಗಿ ಹೋಗಿ. ಎಲಿನಾರ್ ಓಸ್ಟ್ರಮ್ ಅವರಿಗೆ 2009ರಲ್ಲಿ ನೊಬೆಲ್ ಬಂದದ್ದು ಇದೇ ಪ್ರಶ್ನೆಯನ್ನು ಬೆನ್ನತ್ತಿದ್ದಕ್ಕೆ.

ಸಾರ್ವಜನಿಕ ಹಣಕಾಸು ಇದಕ್ಕೆ ಉಲ್ಟಾ. ಹೆಸರು ಒಣ, ವಿಷಯ ಬಿಸಿ. ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.713 ಇತ್ತು, 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಯಾಕೆ? ಜನಸಂಖ್ಯೆ, ತಲಾ ಆದಾಯದ ಅಂತರ ಇವಕ್ಕೆಲ್ಲ ಎಷ್ಟೆಷ್ಟು ತೂಕ ಕೊಟ್ಟರು? ಟಿವಿ ಚರ್ಚೆಯಲ್ಲಿ ಕೂಗಾಡುವ ವಿಷಯವನ್ನು ಪೆನ್ನು ಹಿಡಿದು ಬಿಡಿಸಿ ನೋಡುವ ಆಸೆ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಪೇಪರ್ ಇಲ್ಲ. ನನ್ನ ಪ್ರಕಾರ ಕರ್ನಾಟಕದ ವಿದ್ಯಾರ್ಥಿಗಳು ಸುಮ್ನೆ ಕಡೆಗಣಿಸುವ ಪೇಪರ್ ಅಂದರೆ ಇದೇ.

ಕಲಬುರಗಿ, ಯಾದಗಿರಿ ಕಡೆಯವರಿಗೆ ‘ನಮ್ಮ ತಾಲ್ಲೂಕು ಯಾಕೆ ಹಿಂದೆ ಉಳಿಯಿತು’ ಅನ್ನುವುದು ಪ್ರಶ್ನೆಯಾಗಿದ್ದರೆ ಪ್ರಾದೇಶಿಕ ಅರ್ಥಶಾಸ್ತ್ರ ಇದೆಯಾ ಅಂತ ಕೇಳಿ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಅಂತ ಗುರುತಿಸಿತ್ತು. ಹಿಂದುಳಿದಿರುವಿಕೆಯನ್ನು ಅಳೆಯುವುದು ಹೇಗೆ ಅನ್ನುವುದೇ ಆ ಪೇಪರ್‌ನ ಅರ್ಧ ಸಿಲಬಸ್.

3. ಎಕನಾಮೆಟ್ರಿಕ್ಸ್‌ಗೆ ಹೆದರಿ ಓಡಬೇಡಿ

ಇದನ್ನು ಉಳಿದ ಐಚ್ಛಿಕಗಳ ಸಾಲಿನಲ್ಲಿ ಇಡುವುದೇ ತಪ್ಪು. ಬೇರೆ ಯಾವ ಪೇಪರ್ ಆರಿಸಿದರೂ ಅಡುಗೆಮನೆಗೆ ಚಾಕು ಇದ್ದ ಹಾಗೆ ಇದು ಬೇಕೇ ಬೇಕು. ಯಾಕೆ ಅಂತ ಒಂದು ಉದಾಹರಣೆಯಲ್ಲಿ ನೋಡೋಣ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಇದರಿಂದ ಕೆಲಸಕ್ಕೆ ಹೋಗುವ ಹೆಂಗಸರು ಜಾಸ್ತಿಯಾದರಾ? ಯೋಜನೆಗೆ ಮೊದಲಿನ ಲೆಕ್ಕ, ಆಮೇಲಿನ ಲೆಕ್ಕ ಇಟ್ಟು ಕಳೆದರೆ ಆಯಿತು ಅನ್ನಿಸುತ್ತದೆ, ಅಲ್ವಾ? ಆದರೆ ಅದೇ ಹೊತ್ತಿನಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿಯೂ ಬಂತು, ಮಳೆಯೂ ಕೈಕೊಟ್ಟಿತು. ಬದಲಾವಣೆ ಯಾವುದರಿಂದ ಆಯಿತು ಅಂತ ಹೇಳುವುದು ಹೇಗೆ?

ಸರಿ, ಪಕ್ಕದ ರಾಜ್ಯದ ಜತೆ ಹೋಲಿಸೋಣ. ತಮಿಳುನಾಡಿನ ಸಾಮಾನ್ಯ ಟೌನ್ ಬಸ್ಸುಗಳಲ್ಲಿ 2021ರಿಂದಲೇ ಮಹಿಳೆಯರಿಗೆ ಟಿಕೆಟ್ ಇಲ್ಲ. ತೆಲಂಗಾಣದಲ್ಲಿ 2023ರ ಡಿಸೆಂಬರ್‌ನಲ್ಲಿ ಶುರುವಾಯಿತು. ಆಂಧ್ರದಲ್ಲಿ ಬಂದದ್ದು 2025ರ ಆಗಸ್ಟ್‌ನಲ್ಲಿ. ಅಂದರೆ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಗಡಿಯ ಈಚೆಗೆ ಪಾವಗಡದಲ್ಲಿ ಬಸ್ಸು ಉಚಿತ, ಗಡಿ ದಾಟಿದರೆ ದುಡ್ಡು. ಎರಡೂ ಕಡೆಯ ಊರುಗಳ ಮಳೆ, ಬೆಳೆ, ಬದುಕು ಹೆಚ್ಚುಕಮ್ಮಿ ಒಂದೇ. ಹಾಗಾದರೆ ಈಚೆ ಆದ ಬದಲಾವಣೆಯಿಂದ ಆಚೆ ಆದ ಬದಲಾವಣೆಯನ್ನು ಕಳೆದರೆ? ಗೃಹಲಕ್ಷ್ಮಿಯ ತೊಡಕು ಇನ್ನೂ ಉಳಿದೇ ಇದೆ, ಅದಕ್ಕೆ ಇನ್ನೊಂದು ಉಪಾಯ ಬೇಕು. ಸಾಮಾನ್ಯ ಬಸ್ಸೇ ಸರಿಯಾಗಿ ಬಾರದ ಊರುಗಳಲ್ಲಿ ಗೃಹಲಕ್ಷ್ಮಿ ಬಂತು, ಉಚಿತ ಬಸ್ಸಿನ ಲಾಭ ಸಿಗಲಿಲ್ಲ; ಅವನ್ನು ಬೇರೆ ಮಾಡಿ ನೋಡಿದರೆ ಹೇಗೆ?

ಈ ಪ್ಯಾರಾ ಓದುವಾಗ ‘ಅರೆ, ಹೀಗೂ ಮಾಡಬಹುದಲ್ಲ’ ಅನ್ನಿಸಿದ್ದರೆ ಎಕನಾಮೆಟ್ರಿಕ್ಸ್ ನಿಮಗೆ ಒಗ್ಗುತ್ತದೆ. ಡೇವಿಡ್ ಕಾರ್ಡ್ ಅಮೆರಿಕದಲ್ಲಿ ಕನಿಷ್ಠ ಕೂಲಿಯ ಪರಿಣಾಮ ನೋಡಲು ಹೀಗೇ ಎರಡು ಅಕ್ಕಪಕ್ಕದ ರಾಜ್ಯಗಳನ್ನು ಹೋಲಿಸಿದ್ದರು. 2021ರ ನೊಬೆಲ್‌ನಲ್ಲಿ ಅವರಿಗೂ ಪಾಲಿತ್ತು. ಪುಸ್ತಕದ ಮೊದಲ ಅಧ್ಯಾಯಗಳಲ್ಲಿ ಈ ರುಚಿ ಸಿಗುವುದಿಲ್ಲ, ಅಲ್ಲಿ ಬರೀ ಸೂತ್ರಗಳೇ. ಅದನ್ನು ದಾಟುವಷ್ಟು ತಾಳ್ಮೆ ಬೇಕು.

4. ಹಳೆಯ ಪ್ರಶ್ನೆಪತ್ರಿಕೆ ತೆಗೆಯಿರಿ

ಲೈಬ್ರರಿಗೆ ಹೋಗಿ ನಿಮ್ಮ ಮನಸ್ಸಿನಲ್ಲಿರುವ ಎರಡು ಪೇಪರ್‌ಗಳ ಮೂರು ವರ್ಷದ ಪ್ರಶ್ನೆಪತ್ರಿಕೆ ಕೇಳಿ. ಸಿಲಬಸ್ ಏನು ಕಲಿಸಬೇಕು ಅಂತ ಹೇಳುತ್ತದೆ, ನಿಜವಾಗಿ ಏನು ಕಲಿಸುತ್ತಾರೆ ಅಂತ ಹೇಳುವುದು ಪ್ರಶ್ನೆಪತ್ರಿಕೆ. ‘ವಿವರಿಸಿ’, ‘ಚರ್ಚಿಸಿ’ ಅಂತಲೇ ತುಂಬಿದ್ದರೆ ಅದು ಬರೆಯುವವರ ಪೇಪರ್. ‘ಲೆಕ್ಕ ಹಾಕಿ’, ‘ಸಾಧಿಸಿ’ ಇದ್ದರೆ ಬೇರೆ ತಯಾರಿ ಬೇಕು. ಎಲ್ಲ ವರ್ಷವೂ ಅದೇ ಐದು ಪ್ರಶ್ನೆ ತಿರುಗಿ ಮುರುಗಿ ಬಂದಿದ್ದರೆ ಮಾರ್ಕ್ಸ್ ಸಲೀಸು, ಕಲಿಯುವುದು ಅಷ್ಟಕ್ಕಷ್ಟೆ.

ಜತೆಗೆ ಪಾಠ ಮಾಡುವವರು ಯಾರು ಅಂತಲೂ ವಿಚಾರಿಸಿ. ಒಳ್ಳೆಯ ಮೇಷ್ಟ್ರು ಇರುವ ಎರಡನೇ ಆಯ್ಕೆ ಎಷ್ಟೋ ಸಲ ಮೊದಲ ಆಯ್ಕೆಗಿಂತ ವಾಸಿ.

5. ಗಣಿತ ಮತ್ತು ಕನ್ನಡ ಮಾಧ್ಯಮದ ಭಯ

ಪಿಯುಸಿಯಲ್ಲಿ ಕಲಾ ವಿಭಾಗದಲ್ಲಿದ್ದವರು ಗಣಿತ ಅಂದರೆ ಹಿಂದೆ ಸರಿಯುತ್ತಾರೆ. ಐಚ್ಛಿಕ ಪೇಪರ್‌ಗಳಿಗೆ ಬೇಕಾದದ್ದು ಬಹುಮಟ್ಟಿಗೆ ಡಿಫರೆನ್ಸಿಯೇಷನ್, ಸ್ವಲ್ಪ ಮ್ಯಾಟ್ರಿಕ್ಸ್, ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರದ ಅಡಿಪಾಯ. ಒಂದು ರಜೆಯಲ್ಲಿ ಕೂತು ಕಲಿತರೆ ಹಿಡಿತಕ್ಕೆ ಬರುತ್ತದೆ.

ಕನ್ನಡ ಮಾಧ್ಯಮದವರು ಇಂಗ್ಲಿಷ್ ಕಷ್ಟ ಅಂತ ಗಣಿತದ ಪೇಪರ್ ಬಿಟ್ಟು ಅಭಿವೃದ್ಧಿ ಅಥವಾ ಆರ್ಥಿಕ ಇತಿಹಾಸಕ್ಕೆ ಹೋಗುತ್ತಾರೆ. ಆಮೇಲೆ ಇಂಗ್ಲಿಷ್‌ನಲ್ಲಿ ಉದ್ದುದ್ದ ಲೇಖನ ಓದಬೇಕಾಗಿ ಬಂದು ಒದ್ದಾಡುತ್ತಾರೆ. ನಿಜ ಹೇಳಬೇಕೆಂದರೆ ಗೇಮ್ ಥಿಯರಿಯಲ್ಲಿ, ಎಕನಾಮೆಟ್ರಿಕ್ಸ್‌ನಲ್ಲಿ ಭಾಷೆಯ ಹೊರೆ ಕಮ್ಮಿ. ಅಲ್ಲಿನ ಚಿಹ್ನೆಗಳು ಎಲ್ಲರಿಗೂ ಹೊಸವೇ, ಕಾನ್ವೆಂಟ್‌ನಲ್ಲಿ ಓದಿದವರಿಗೂ.

6. ಮುಂದೆ ಎಲ್ಲಿಗೆ ಅನ್ನುವುದನ್ನೂ ಒಮ್ಮೆ ಯೋಚಿಸಿ

ಕೋಲ್ಕತ್ತ ಮತ್ತು ದೆಹಲಿಯ ಭಾರತೀಯ ಸಾಂಖ್ಯಿಕ ಸಂಸ್ಥೆಯ ಎಂಎಸ್‌ಕ್ಯೂಇ (ಗಣಿತ ಹೆಚ್ಚಿರುವ ಅರ್ಥಶಾಸ್ತ್ರದ ಸ್ನಾತಕೋತ್ತರ ಕೋರ್ಸ್), ಮುಂಬೈಯ ಐಜಿಐಡಿಆರ್ (ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ) ಇವಕ್ಕೆ ಗಣಿತ ಗಟ್ಟಿ ಇರಬೇಕು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಎಂಎಗೆ ಈಗ ಸಿಯುಇಟಿ-ಪಿಜಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ ಪ್ರವೇಶ. ಬೆಂಗಳೂರಿನಲ್ಲೇ ಇರುವವರಿಗೆ ಜ್ಞಾನಭಾರತಿಯ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ, ಪಿಎಚ್‌.ಡಿ.ಗೆ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ನಾಗರಭಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಇದೆ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆಗೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಕಡ್ಡಾಯ, ಅಲ್ಲಿ ಭಾರತದ ಅರ್ಥವ್ಯವಸ್ಥೆಗೇ ಒಂದು ಪೂರ್ತಿ ಪತ್ರಿಕೆ ಇದೆ. ಕೆ-ಸೆಟ್ (ಕಾಲೇಜು ಅಧ್ಯಾಪಕರಾಗಲು ರಾಜ್ಯದ ಅರ್ಹತಾ ಪರೀಕ್ಷೆ) ಬರೆದು ಪಾಠ ಮಾಡುವ ಆಸೆ ಇದ್ದರೆ ಒಂದಕ್ಕೇ ಅಂಟಿಕೊಳ್ಳದೆ ಅಗಲವಾಗಿ ಓದುವುದು ಒಳ್ಳೆಯದು.

7. ಬೇಕಾದ ಪೇಪರ್ ಕಾಲೇಜಿನಲ್ಲೇ ಇಲ್ಲದಿದ್ದರೆ

ಸಣ್ಣ ಊರಿನ ಕಾಲೇಜುಗಳಲ್ಲಿ ಇದೇ ದೊಡ್ಡ ತಲೆನೋವು. ಪಟ್ಟಿಯಲ್ಲಿ ಆರು ಪೇಪರ್ ಇರುತ್ತವೆ, ಪಾಠ ಮಾಡುವುದು ಎರಡನ್ನೇ. ಕೆಲವು ಜನ ಸೇರಿ ಹೆಸರು ಬರೆದು ಎಚ್‌ಒಡಿಯವರಿಗೆ ಕೊಟ್ಟು ನೋಡಿ. ಇಷ್ಟು ವಿದ್ಯಾರ್ಥಿಗಳಿದ್ದರೆ ನಡೆಸುತ್ತೇವೆ ಅನ್ನುವ ಲೆಕ್ಕ ಹಲವು ವಿಭಾಗಗಳಲ್ಲಿ ಇರುತ್ತದೆ. ಅದೂ ಆಗದಿದ್ದರೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ‘ಸ್ವಯಂ’ ಪೋರ್ಟಲ್‌ನಲ್ಲಿ ಹುಡುಕಿ. ಅಲ್ಲಿನ ಕೋರ್ಸ್‌ಗಳ ಕ್ರೆಡಿಟ್ ಅನ್ನು ಡಿಗ್ರಿಗೆ ಸೇರಿಸಿಕೊಳ್ಳಲು ಯುಜಿಸಿ ನಿಯಮದಲ್ಲಿ ಅವಕಾಶ ಇದೆ. ಆದರೆ ನಿಮ್ಮ ವಿವಿ ಒಪ್ಪುತ್ತದಾ ಅಂತ ಸೇರುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಬಾಯಿಮಾತಿನಲ್ಲಿ ‘ಆಗುತ್ತೆ ಬಿಡಿ’ ಅಂದದ್ದು ಅಂಕಪಟ್ಟಿ ಬರುವ ಹೊತ್ತಿಗೆ ಆಗದೇ ಹೋಗಬಹುದು.

ಎರಡು ಪೇಪರ್‌ಗಳ ನಡುವೆ ಇನ್ನೂ ಡೋಲಾಯಮಾನವಾಗಿದ್ದರೆ ಮೊದಲ ವಾರ ಎರಡೂ ಕ್ಲಾಸಿಗೆ ಹೋಗಿ ಕೂತು ಬನ್ನಿ. ಫಾರಂ ಕೊಟ್ಟ ಮೇಲೂ ಕೆಲವು ಕಡೆ ಬದಲಾಯಿಸಲು ಸ್ವಲ್ಪ ದಿನ ಬಿಡುತ್ತಾರೆ. ಕೊನೆಯ ದಿನಾಂಕ ಯಾವುದು ಅಂತ ಆಫೀಸಿನಲ್ಲಿ ಇವತ್ತೇ ಕೇಳಿಟ್ಟುಕೊಳ್ಳಿ.